ಮದುವೆಯಿಂದ ಸಿಕ್ಕ ದೇಶ, ಸಿಗದ ಮಣ್ಣು

ಗಲ್ಫ್‌ನಲ್ಲಿ ಕೆಲವು ವರ್ಷ ದುಡಿದು ಬಂದ ನಮ್ಮ ಕರಾವಳಿಯವರಿಗೆ ಫಿಲಿಪ್ಪೀನ್ಸಿನ ಜನ ಅಪರಿಚಿತರಲ್ಲ. ಆಸ್ಪತ್ರೆಯ ನರ್ಸ್, ಹೊಟೇಲಿನ ಕ್ಯಾಷಿಯರ್, ಕಚೇರಿಯಲ್ಲಿ ಪಕ್ಕದ ಮೇಜಿನ ಗುಮಾಸ್ತ, ಹೀಗೆ ಎಲ್ಲಾದರೊಂದು ಕಡೆ ಅವರು ಎದುರಾಗಿಯೇ ಇರುತ್ತಾರೆ. ಸಂಬಳ ಬಂದ ವಾರ ಊರಿಗೆ ಹಣ ಕಳುಹಿಸುವ ಸಾಲಿನಲ್ಲಿ ನಮ್ಮವರ ಹಿಂದೆ ಮುಂದೆ ನಿಲ್ಲುವವರೂ ಅವರೇ. ಆದರೆ ಜನರನ್ನು ಬಲ್ಲ ನಮಗೆ ಅವರ ದೇಶದ ಚರಿತ್ರೆ ಅಷ್ಟಾಗಿ ತಿಳಿಯದು. ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳ ಆ ದೇಶದಲ್ಲಿ ಬಹುಸಂಖ್ಯಾತರು ಕ್ಯಾಥೊಲಿಕರು. ದಕ್ಷಿಣದ ಮಿಂಡನಾವೊ ಮತ್ತು ಸುಲು ದ್ವೀಪಗಳಲ್ಲಿ ಶತಮಾನಗಳಿಂದ ಮುಸ್ಲಿಮರಿದ್ದಾರೆ.

ಜಗತ್ತಿನ ಮೂಲೆ ಮೂಲೆಗೆ ದುಡಿಯಲು ಹೋಗುವ ಈ ಜನ ಬೇರೆ ದೇಶದವರೊಂದಿಗೆ ಮದುವೆ ಸಂಬಂಧ ಬೆಳೆಸುವುದು ಸಹಜ. ಅಂಥ ದಂಪತಿಗಳಲ್ಲಿ ಕೆಲವರು ಫಿಲಿಪ್ಪೀನ್ಸಿನಲ್ಲೇ ನೆಲೆಸಲು ಬಯಸುತ್ತಾರೆ. ಆಗ ವಿದೇಶಿ ಗಂಡನಿಗೋ ಹೆಂಡತಿಗೋ ಎರಡು ಪ್ರಶ್ನೆಗಳು ಎದುರಾಗುತ್ತವೆ. ನನ್ನನ್ನು ಇಲ್ಲಿ ಇರಗೊಡುತ್ತಾರೆಯೇ? ನನ್ನ ದುಡ್ಡಿನಲ್ಲಿ ಕಟ್ಟಿದ ಮನೆ ನನ್ನದಾಗುತ್ತದೆಯೇ? ಮೊದಲನೆಯದು ವೀಸಾದ ಪ್ರಶ್ನೆ, ಎರಡನೆಯದು ಹಣದ ಪ್ರಶ್ನೆ. ಮೇಲ್ನೋಟಕ್ಕೆ ಇವು ಇಂದಿನ ಕಾಲದ ತಲೆನೋವುಗಳಂತೆ ಕಾಣುತ್ತವೆ. ವಾಸ್ತವದಲ್ಲಿ ಇವುಗಳಿಗೆ ನಾನೂರು ವರ್ಷಗಳ ಹಿನ್ನೆಲೆಯಿದೆ.

ಬಿನೊಂಡೊದ ಅಳಿಯಂದಿರು

ಸ್ಪೇನಿನವರು 1571ರಲ್ಲಿ ಮನಿಲಾವನ್ನು ವಶಪಡಿಸಿಕೊಂಡಾಗ ಅಲ್ಲಿ ಆಳುತ್ತಿದ್ದವನು ಸುಲೈಮಾನ್ ಎಂಬ ಮುಸ್ಲಿಮ್ ನಾಯಕ. ಅವನ ಕೋಟೆ ಇದ್ದ ಜಾಗದಲ್ಲಿಯೇ ಸ್ಪೇನಿನವರ ಕಲ್ಲಿನ ಕೋಟೆ ಎದ್ದಿತು. ಹೊಸ ದೊರೆಗಳಿಗೆ ವ್ಯಾಪಾರಕ್ಕೆ, ಮರಗೆಲಸಕ್ಕೆ, ರೊಟ್ಟಿ ಸುಡುವುದಕ್ಕೆ ಕೂಡ ಚೀನೀಯರು ಬೇಕಿದ್ದರು. ಆದರೆ ಅವರ ಸಂಖ್ಯೆ ಹೆಚ್ಚುವುದು ಬೇಕಿರಲಿಲ್ಲ. ಈ ದ್ವಂದ್ವಕ್ಕೆ ಅವರು ಕಂಡುಕೊಂಡ ಪರಿಹಾರ ಮದುವೆ. ಕ್ರೈಸ್ತ ದೀಕ್ಷೆ ಪಡೆದ ಚೀನೀಯ ಮಾತ್ರ ಸ್ಥಳೀಯ ಹೆಣ್ಣನ್ನು ಮದುವೆಯಾಗಬಹುದಿತ್ತು. ಹಾಗೆ ಮದುವೆಯಾಗಿ ಸಂಸಾರ ಹೂಡಿದವನು ಬರೀ ವ್ಯಾಪಾರಿಗಿಂತ ಹೆಚ್ಚು ನಂಬಿಕಸ್ಥ ಎಂದು ಸರ್ಕಾರ ಭಾವಿಸಿತು.

1594ರಲ್ಲಿ ಗವರ್ನರ್ ಲೂಯಿಸ್ ಪೆರೆಜ್ ದಾಸ್ಮರಿನಾಸ್ ನದಿಯಾಚೆಯ ಬಿನೊಂಡೊ ಎಂಬ ಜಾಗವನ್ನು ಇಂಥ ಕ್ರೈಸ್ತ ಚೀನೀಯರಿಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟನು. ಇಂದಿಗೂ ಬಿನೊಂಡೊ ಮನಿಲಾದ ಚೀನೀ ಪೇಟೆ. ಕ್ರೈಸ್ತರಾಗದವರ ಪಾಡು ಬೇರೆ. 1603ರಲ್ಲಿ ಅವರ ಸಾಮೂಹಿಕ ಹತ್ಯೆ ನಡೆಯಿತು. 1755ರಲ್ಲಿ ಕ್ರೈಸ್ತರಲ್ಲದ ಚೀನೀಯರನ್ನು ಹೊರಹಾಕಲಾಯಿತು. ಅಂದರೆ ಆ ಕಾಲದಲ್ಲಿ ಮದುವೆಯೇ ವೀಸಾ, ದೀಕ್ಷೆಯೇ ಅದರ ಶುಲ್ಕ. ತಲೆಗಂದಾಯದಲ್ಲೂ ಭೇದವಿತ್ತು. ಸ್ಥಳೀಯರಿಗಿಂತ ಚೀನೀ ತಂದೆಯ ಮಕ್ಕಳಾದ ಮೆಸ್ಟಿಜೊಗಳು ಹೆಚ್ಚು ಕೊಡಬೇಕಿತ್ತು, ಚೀನೀಯರು ಅದಕ್ಕಿಂತಲೂ ಹೆಚ್ಚು.

ಇಂಥ ಅಳಿಯಂದಿರ ಸಾಲಿನಲ್ಲಿ ಭಾರತೀಯರೂ ಇದ್ದಾರೆ. ಮೈಸೂರಿನಲ್ಲಿ ಹೈದರಾಲಿ ಅಧಿಕಾರ ಹಿಡಿದ ಮರುವರ್ಷ, ಅಂದರೆ 1762ರಲ್ಲಿ, ಬ್ರಿಟಿಷರು ಮದರಾಸಿನಿಂದ ಹಡಗುಗಳಲ್ಲಿ ಹೋಗಿ ಮನಿಲಾವನ್ನು ಗೆದ್ದರು. ಆ ಪಡೆಯಲ್ಲಿ ಮದರಾಸಿನ ಸಿಪಾಯಿಗಳಿದ್ದರು. 1764ರಲ್ಲಿ ಬ್ರಿಟಿಷರು ಮರಳಿ ಹೊರಟಾಗ ಕೆಲವು ಸಿಪಾಯಿಗಳು ಹಡಗು ಹತ್ತಲಿಲ್ಲ. ಮನಿಲಾದ ಪೂರ್ವಕ್ಕಿರುವ ಕಾಯಿಂಟಾ ಎಂಬ ಊರಿನಲ್ಲಿ ಸ್ಥಳೀಯ ಹೆಣ್ಣುಗಳನ್ನು ಮದುವೆಯಾಗಿ ಉಳಿದುಬಿಟ್ಟರು. ಅವರ ವಂಶದವರು ಆ ಊರಿನಲ್ಲಿ ಈಗಲೂ ಇದ್ದಾರೆ. ಯಾರ ಅಪ್ಪಣೆಯೂ ಇಲ್ಲದೆ, ಯಾವ ಕಾಗದವೂ ಇಲ್ಲದೆ ಅವರು ಆ ನೆಲದವರಾದರು. ಆಮೇಲೆ ಬಂದವರಿಗೆ ಅದು ಅಷ್ಟು ಸುಲಭವಾಗಲಿಲ್ಲ.

ಕಾಗದ ಸಿಗದ ಮದುವೆ

ಫಿಲಿಪ್ಪೀನ್ಸಿನ ರಾಷ್ಟ್ರನಾಯಕ ಹೊಸೆ ರಿಜಾಲ್‌ನ ತಂದೆಯ ಕಡೆಯ ಮೂಲಪುರುಷ ಚೀನಾದ ಫುಜಿಯನ್ ಪ್ರಾಂತದಿಂದ ಬಂದು, 1697ರಲ್ಲಿ ದೀಕ್ಷೆ ಪಡೆದ ಲಾಮ್-ಕೊ. ಇಂದು ವಿದೇಶಿ ಅಳಿಯನನ್ನು ಅನುಮಾನದಿಂದ ನೋಡುವ ದೇಶದ ರಾಷ್ಟ್ರನಾಯಕ ವಿದೇಶಿ ಅಳಿಯನೊಬ್ಬನ ವಂಶದ ಕುಡಿ ಎಂಬುದು ಗಮನಿಸಬೇಕಾದ ಸಂಗತಿ.

ರಿಜಾಲ್‌ನ ಸ್ವಂತ ಬದುಕಿನಲ್ಲೂ ಈ ಪ್ರಶ್ನೆ ಎದುರಾಯಿತು. ಸ್ಪೇನ್ ಸರ್ಕಾರ ಅವನನ್ನು ಮಿಂಡನಾವೊ ದ್ವೀಪದ ದಾಪಿತಾನಿಗೆ ಗಡೀಪಾರು ಮಾಡಿದ್ದಾಗ, 1895ರಲ್ಲಿ ಹಾಂಗ್‌ಕಾಂಗಿನಿಂದ ಬಂದ ಜೋಸೆಫಿನ್ ಬ್ರ್ಯಾಕೆನ್ ಎಂಬ ಐರಿಷ್ ಮೂಲದ ತರುಣಿಯ ಪರಿಚಯವಾಯಿತು. ಇಬ್ಬರೂ ಮದುವೆಯಾಗಲು ಬಯಸಿದರು. ಚರ್ಚನ್ನು ಟೀಕಿಸಿ ಬರೆದದ್ದನ್ನು ಹಿಂತೆಗೆದುಕೊಳ್ಳದೆ ಮದುವೆ ಮಾಡಿಸಲಾಗದು ಎಂದು ಪಾದ್ರಿಗಳು ಹೇಳಿದರು. ಅಲ್ಲಿ ಬೇರೆ ಬಗೆಯ ಮದುವೆಗೆ ಅವಕಾಶವೇ ಇರಲಿಲ್ಲ. ಅವರು ಹಾಗೆಯೇ ಸಂಸಾರ ಹೂಡಿದರು. 1896ರ ಡಿಸೆಂಬರ್ 30ರಂದು ರಿಜಾಲ್‌ನನ್ನು ಗುಂಡಿಟ್ಟು ಕೊಲ್ಲಲಾಯಿತು. ಆ ಬೆಳಗಿನ ಜಾವ ಇಬ್ಬರ ಮದುವೆ ನಡೆಯಿತು ಎಂದು ಹೇಳುವವರಿದ್ದಾರೆ. ಆದರೆ ಅದಕ್ಕೆ ಒಪ್ಪಬಹುದಾದ ದಾಖಲೆ ಸಿಕ್ಕಿಲ್ಲ, ಇತಿಹಾಸಕಾರರ ಚರ್ಚೆ ಮುಗಿದಿಲ್ಲ. ಜೋಸೆಫಿನ್ 1902ರಲ್ಲಿ ಹಾಂಗ್‌ಕಾಂಗಿನಲ್ಲಿ ತೀರಿಕೊಂಡಳು. ದೇಶವೇ ಪೂಜಿಸುವ ವ್ಯಕ್ತಿಯ ಬಾಳಸಂಗಾತಿಗೂ ತಾನು ಹೆಂಡತಿ ಎಂದು ತೋರಿಸಲು ಒಂದು ಕಾಗದ ಇರಲಿಲ್ಲ.

ದಾವಾವೊದ ಜಪಾನೀಯರು

1898ರಲ್ಲಿ ಸ್ಪೇನ್ ಹೋಗಿ ಅಮೆರಿಕ ಬಂತು. ತನ್ನಲ್ಲಿದ್ದ ಚೀನೀಯರ ಪ್ರವೇಶ ನಿಷೇಧದ ಕಾನೂನನ್ನು 1902ರಲ್ಲಿ ಈ ದ್ವೀಪಗಳಿಗೂ ವಿಸ್ತರಿಸಿತು. ಜಪಾನೀಯರಿಗೆ ಮಾತ್ರ ಬಾಗಿಲು ತೆರೆದಿತ್ತು. ಬಾಗಿಯೊ ಬೆಟ್ಟಕ್ಕೆ ರಸ್ತೆ ಕಡಿಯಲು ಬಂದ ಜಪಾನೀ ಕೂಲಿಗಳಲ್ಲಿ ಹಲವರು ಕೆಲಸ ಮುಗಿದ ಮೇಲೆ ದಕ್ಷಿಣದ ದಾವಾವೊಗೆ ಹೋಗಿ ಅಬಾಕಾ ತೋಟಗಳಲ್ಲಿ ಸೇರಿಕೊಂಡರು. ಹಗ್ಗ ಹೊಸೆಯುವ ನಾರು ಕೊಡುವ, ಬಾಳೆಯ ಜಾತಿಯ ಗಿಡ ಅಬಾಕಾ. ಹಡಗಿನ ಹಗ್ಗಕ್ಕೆ ಜಗತ್ತಿನಲ್ಲೆಲ್ಲ ಬೇಡಿಕೆಯಿದ್ದ ಕಾಲ ಅದು.

1919ರ ಭೂ ಕಾನೂನು ಸರ್ಕಾರಿ ಜಮೀನನ್ನು ಫಿಲಿಪಿನೊ ಮತ್ತು ಅಮೆರಿಕನ್ ಪ್ರಜೆಗಳಿಗೆ ಮೀಸಲಿಟ್ಟಿತು. ಜಪಾನೀಯರ ಪಾಲಿಗೆ ದಾರಿ ಮುಚ್ಚಿತು. ಆಗ ಅವರು ಎರಡು ಉಪಾಯ ಹುಡುಕಿದರು. ಸ್ಥಳೀಯರ ಹೆಸರಿನಲ್ಲಿದ್ದ ಜಮೀನನ್ನು ಗುತ್ತಿಗೆಯ ನೆಪದಲ್ಲಿ ತಾವೇ ಸಾಗುವಳಿ ಮಾಡುವುದು ಒಂದು. ಬಗೊಬೊ ಬುಡಕಟ್ಟಿನ ಹೆಣ್ಣುಗಳನ್ನು ಮದುವೆಯಾಗಿ ಅವರ ನೆಲದಲ್ಲಿ ತೋಟ ಮಾಡುವುದು ಇನ್ನೊಂದು. ಈ ಮದುವೆಗಳೆಲ್ಲ ಬರೀ ಲೆಕ್ಕಾಚಾರದವು ಎಂದರೆ ಅನ್ಯಾಯವಾದೀತು. ಮಕ್ಕಳಾದವು, ಮನೆಗಳೆದ್ದವು, ಶಾಲೆಗಳು ಬಂದವು. 1930ರ ದಶಕದ ಕೊನೆಗೆ ದಾವಾವೊದಲ್ಲಿ ಸುಮಾರು 18,000 ಜಪಾನೀಯರಿದ್ದರು. ಆದರೆ ಮನಿಲಾದ ಪತ್ರಿಕೆಗಳಲ್ಲಿ, ಶಾಸನಸಭೆಯಲ್ಲಿ 'ದಾವಾವೊ ಸಮಸ್ಯೆ' ಎಂಬುದು ದೊಡ್ಡ ಕೂಗಾಯಿತು. ನಮ್ಮ ನೆಲ ನಮ್ಮ ಹೆಣ್ಣುಮಕ್ಕಳ ಹೆಸರಿನ ಮೂಲಕ ಕೈಜಾರಿ ಹೋಗುತ್ತಿದೆ ಎಂಬ ಭಯ ಜನರಲ್ಲಿ ಬೇರೂರಿತು.

ಯುದ್ಧ ಬಂತು, ಜಪಾನ್ ಸೋತಿತು. 1945ರ ನಂತರ ದಾವಾವೊದ ಜಪಾನೀಯರನ್ನು ಹಡಗು ಹತ್ತಿಸಿ ಕಳುಹಿಸಲಾಯಿತು. ಫಿಲಿಪಿನೊ ಹೆಂಡತಿಯರು ಮತ್ತು ಹೆಚ್ಚಿನ ಮಕ್ಕಳು ಅಲ್ಲೇ ಉಳಿದರು. ಶತ್ರುವಿನ ಮಕ್ಕಳು ಎಂಬ ದ್ವೇಷಕ್ಕೆ ಹೆದರಿ ಹಲವರು ಹೆಸರು ಬದಲಿಸಿದರು, ಗುರುತಿನ ಕಾಗದಗಳನ್ನು ನಾಶಪಡಿಸಿದರು. ಅಂದಿನ ಕಾನೂನಿನಲ್ಲಿ ಮಕ್ಕಳ ರಾಷ್ಟ್ರೀಯತೆ ತಂದೆಯದು. ತಂದೆಯ ಮದುವೆ, ಮಕ್ಕಳ ಹುಟ್ಟು ಜಪಾನಿನ ಕುಟುಂಬ ನೋಂದಣಿಯಲ್ಲಿ ಸೇರದಿದ್ದರೆ ಆ ಮಕ್ಕಳು ಅತ್ತ ಜಪಾನಿಗೂ ಇಲ್ಲ, ಇತ್ತ ಫಿಲಿಪ್ಪೀನ್ಸಿಗೂ ಇಲ್ಲ. 1990ರಲ್ಲಿ ಜಪಾನ್ ತನ್ನ ವಲಸೆ ಕಾನೂನು ಬದಲಿಸಿ ಜಪಾನೀ ಮೂಲದವರಿಗೆ ದುಡಿಯುವ ಅವಕಾಶ ಕೊಟ್ಟಾಗ, ಮುದುಕರಾದ ಆ ಮಕ್ಕಳು ಅಪ್ಪನ ಹೆಸರನ್ನು ಹಳೆಯ ಕಡತಗಳಲ್ಲಿ ಹುಡುಕತೊಡಗಿದರು. ಒಂದು ಕಾಲದಲ್ಲಿ ಜೀವ ಉಳಿಸಿಕೊಳ್ಳಲು ಮುಚ್ಚಿಟ್ಟ ಮದುವೆಯೇ ಈಗ ಮೊಮ್ಮಕ್ಕಳ ವೀಸಾಕ್ಕೆ ಬೇಕಾಯಿತು.

1940ರ ಕಾನೂನು ತೆರೆದ ಬಾಗಿಲು

ದಾವಾವೊದ ಗದ್ದಲ ಜೋರಾಗಿದ್ದ ದಿನಗಳಲ್ಲೇ, 1940ರ ಆಗಸ್ಟಿನಲ್ಲಿ, ಫಿಲಿಪ್ಪೀನ್ಸಿನ ವಲಸೆ ಕಾನೂನು ಜಾರಿಗೆ ಬಂತು. ಆಗ ಮ್ಯಾನುಯೆಲ್ ಕ್ವೆಜಾನ್ ಅಧ್ಯಕ್ಷ. ಒಂದೊಂದು ದೇಶದಿಂದ ವರ್ಷಕ್ಕೆ ಇಂತಿಷ್ಟೇ ಜನ ಬಂದು ನೆಲೆಸಬಹುದು ಎಂದು ಆ ಕಾನೂನು ಮಿತಿ ಹಾಕಿತು. ಆದರೆ ಫಿಲಿಪಿನೊ ಪ್ರಜೆಯ ಗಂಡ ಅಥವಾ ಹೆಂಡತಿಗೆ ಈ ಲೆಕ್ಕದಿಂದ ವಿನಾಯಿತಿ ಕೊಟ್ಟಿತು. ಆ ಕಾನೂನಿನ 13ನೇ ಕಲಮಿನ ಮೊದಲ ಉಪಕಲಮಿನ ಹೆಸರಿನಿಂದಲೇ ಈ ವೀಸಾವನ್ನು ಇಂದಿಗೂ ಜನ '13-ಎ' ಎಂದು ಕರೆಯುತ್ತಾರೆ.

ಈ ವೀಸಾ ಸಿಗುವ ಬಗೆ ಹೀಗೆ. ಅರ್ಜಿಯ ಹಿಂದೆ ಫಿಲಿಪಿನೊ ಸಂಗಾತಿ ನಿಂತಿರಬೇಕು. ಮದುವೆಯ ದಾಖಲೆ, ನಡತೆಯ ಪ್ರಮಾಣಪತ್ರ, ಆರೋಗ್ಯದ ಪ್ರಮಾಣಪತ್ರ, ಇವೆಲ್ಲದರ ಜೊತೆಗೆ ತಾನು ಸರ್ಕಾರಕ್ಕೆ ಹೊರೆಯಾಗಲಾರೆ ಎಂಬುದಕ್ಕೆ ಹಣದ ಪುರಾವೆ ಬೇಕು. ಮೊದಲ ಒಂದು ವರ್ಷ ಪರೀಕ್ಷೆಯ ಅವಧಿ. ಆ ವರ್ಷ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಿದರೆ ಕಾಯಂ ವಾಸದ ಪರವಾನಗಿ. ಫಿಲಿಪಿನೊಗಳಿಗೆ ಇಂಥದೇ ಸೌಲಭ್ಯ ಕೊಡುವ ದೇಶಗಳ ಪ್ರಜೆಗಳಿಗೆ ಮಾತ್ರ ಇದು ಅನ್ವಯ. ಉಳಿದವರು ಕಾಲಕಾಲಕ್ಕೆ ನವೀಕರಿಸಬೇಕಾದ ತಾತ್ಕಾಲಿಕ ಪರವಾನಗಿಯಲ್ಲೇ ದಿನ ಕಳೆಯಬೇಕು. ಕಾಯಂ ಆದವರೂ ಪ್ರತಿ ವರ್ಷದ ಮೊದಲ 60 ದಿನಗಳಲ್ಲಿ ವಲಸೆ ಕಚೇರಿಗೆ ಹೋಗಿ ಹಾಜರಿ ಹಾಕಬೇಕು. ಇದು 1950ರ ಕಾನೂನು, ಈಗಲೂ ಇದೆ.

1989ರಲ್ಲಿ ಇನ್ನೊಂದು ಕಿಟಕಿ ತೆರೆಯಿತು. ಹೊರದೇಶದಲ್ಲಿ ದುಡಿಯುವ ಫಿಲಿಪಿನೊಗಳನ್ನು ಅಲ್ಲಿ 'ಬಾಲಿಕ್‌ಬಾಯನ್', ಅಂದರೆ ಊರಿಗೆ ಮರಳುವವರು, ಎನ್ನುತ್ತಾರೆ. ಅವರನ್ನು ಊರಿಗೆ ಸೆಳೆಯುವ ಕಾನೂನಿನಲ್ಲಿ ಸಂಗಾತಿಗಳಿಗೂ ಪಾಲು ಸಿಕ್ಕಿತು. ವೀಸಾ ಇಲ್ಲದೆ ಬರಬಲ್ಲ ದೇಶಗಳ ಪ್ರಜೆಯಾದ ಗಂಡ ಅಥವಾ ಹೆಂಡತಿ ಒಂದು ವರ್ಷ ನೆಮ್ಮದಿಯಾಗಿ ಇರಬಹುದು. ಷರತ್ತು ಒಂದೇ, ಇಬ್ಬರೂ ಜೊತೆಯಾಗಿಯೇ ಬಂದಿಳಿಯಬೇಕು. ಹೆಂಡತಿ ಮುಂಚಿತವಾಗಿ ಬಂದು ಗಂಡ ಮರುದಿನದ ವಿಮಾನದಲ್ಲಿ ಒಬ್ಬನೇ ಬಂದರೆ ಆ ಸೌಲಭ್ಯ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅವನು ಅಲ್ಲಿಯವಳ ಜೊತೆ ಬಂದ ಸಂಗಾತಿ, ಒಬ್ಬನೇ ಬಂದರೆ ಬರೀ ವಿದೇಶಿ.

ಇಬ್ಬರು ವಿದೇಶಿ ಸೊಸೆಯರು

ಈ ಬಾಗಿಲು ಎಷ್ಟು ಅಗಲ ಎಂಬುದನ್ನು ಅಳೆದವರು ಇಬ್ಬರು ಹೆಣ್ಣುಮಕ್ಕಳು. ಮೊದಲನೆಯವಳು ಹಾಂಗ್‌ಕಾಂಗಿನ ಚೀನೀ ಹುಡುಗಿ. 1961ರ ಫೆಬ್ರವರಿಯಲ್ಲಿ ಬಂಧುಗಳನ್ನು ನೋಡಿ ಹೋಗಲು ಒಂದು ತಿಂಗಳ ಪರವಾನಗಿಯಲ್ಲಿ ಮನಿಲಾಕ್ಕೆ ಬಂದಳು. ಅವಧಿ ಮುಗಿಯುವ ಮುನ್ನ ಮರಳುತ್ತಾಳೆ ಎಂಬುದಕ್ಕೆ 1,000 ಪೆಸೊ ಜಾಮೀನು ಇಡಲಾಗಿತ್ತು. ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಲಾಯಿತು. ಕೊನೆಯ ಗಡುವಿಗೆ ಮೂರು ವಾರ ಇರುವಾಗ, 1962ರ ಜನವರಿಯಲ್ಲಿ, ಅವಳು ಫಿಲಿಪಿನೊ ಪ್ರಜೆಯೊಬ್ಬನನ್ನು ಮದುವೆಯಾದಳು. ವಲಸೆ ಇಲಾಖೆ ಅವಳನ್ನು ಹೊರಗೆ ಕಳುಹಿಸಲು, ಜಾಮೀನು ಹಣ ಮುಟ್ಟುಗೋಲು ಹಾಕಲು ಹೊರಟಿತು. ನ್ಯಾಯಾಲಯದಲ್ಲಿ ಅವಳಿಗೆ ಇಂಗ್ಲಿಷಾಗಲಿ ಟಾಗಲಾಗ್ ಆಗಲಿ ಸರಿಯಾಗಿ ಬರುತ್ತಿರಲಿಲ್ಲ. ಮೈದುನ, ನಾದಿನಿಯರ ಹೆಸರು ಕೇಳಿದರೆ ಅದೂ ಗೊತ್ತಿರಲಿಲ್ಲ. ಆದರೂ 1971ರಲ್ಲಿ ಸುಪ್ರೀಂ ಕೋರ್ಟು ಅವಳ ಪರವಾಗಿ ತೀರ್ಪು ಕೊಟ್ಟಿತು. ಪ್ರಜೆಯಾಗಲು ಬೇರೆ ಅನರ್ಹತೆಗಳಿಲ್ಲದಿದ್ದರೆ ಫಿಲಿಪಿನೊ ಗಂಡಸನ್ನು ಮದುವೆಯಾದ ವಿದೇಶಿ ಹೆಣ್ಣು ಮದುವೆಯಿಂದಲೇ ಫಿಲಿಪಿನೊ ಆಗುತ್ತಾಳೆ ಎಂದಿತು.

ಎರಡನೆಯವಳು ಇಂಡೊನೇಷ್ಯಾದ ಮುಸ್ಲಿಮ್ ಹೆಣ್ಣುಮಗಳು. ಅಲ್ಲಿಗೆ ಕೆಲಸಕ್ಕೆ ಹೋಗಿದ್ದ ಫಿಲಿಪಿನೊ ಒಬ್ಬ 1974ರಲ್ಲಿ ಇಸ್ಲಾಮ್ ಸ್ವೀಕರಿಸಿ ಅವಳನ್ನು ಮದುವೆಯಾದ. ಊರಿನಲ್ಲಿ ಅವನಿಗೆ ಹೆಂಡತಿ ಮಕ್ಕಳಿದ್ದರು. 1979ರಲ್ಲಿ ಅವಳನ್ನು, ಇಬ್ಬರು ಮಕ್ಕಳನ್ನು 'ಅತಿಥಿಗಳು' ಎಂದು ಬರೆಸಿ ಮನೆಗೆ ಕರೆತಂದ. ಎರಡು ವರ್ಷ ಮೊದಲ ಹೆಂಡತಿಗೆ ನಿಜ ಗೊತ್ತಿರಲಿಲ್ಲ. ಗೊತ್ತಾದಾಗ ದೂರು, ಮೊಕದ್ದಮೆ. ಈ ನಡುವೆ 1982ರಲ್ಲಿ ಇಂಡೊನೇಷ್ಯಾದವಳಿಗೆ 13-ಎ ಪರವಾನಗಿ ಸಿಕ್ಕಿತು. ಮೊದಲ ಹೆಂಡತಿಯ ಮಗನ ದೂರಿನ ಮೇಲೆ 1990ರಲ್ಲಿ ಅದು ರದ್ದಾಯಿತು. 1995ರಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತು ಬಹಳ ಮುಖ್ಯ. ಫಿಲಿಪಿನೊ ಪ್ರಜೆಯನ್ನು ಮದುವೆಯಾದ ಮಾತ್ರಕ್ಕೆ ದೇಶದೊಳಗೆ ಬರುವ, ಉಳಿಯುವ ಹಕ್ಕನ್ನು ಕೊಡುವ ಕಾನೂನು ಯಾವುದೂ ಇಲ್ಲ. ಅದು ಸರ್ಕಾರದ ವಿವೇಚನೆಗೆ ಬಿಟ್ಟದ್ದು. ಅವಳು ಉಳಿದದ್ದು ಹೆಂಡತಿ ಎಂಬ ಕಾರಣಕ್ಕಲ್ಲ, ಗಡೀಪಾರಿಗೆ ಕಾನೂನು ಇಟ್ಟಿದ್ದ ಐದು ವರ್ಷಗಳ ಗಡುವು ಮೀರಿಹೋಗಿತ್ತು ಎಂಬ ಕಾರಣಕ್ಕೆ.

ಇಲ್ಲಿ ತಪ್ಪು ಮಾಡಿದವನು ಯಾರು? ಒಬ್ಬಳಿಗೆ ಹೇಳದೆ ಇನ್ನೊಬ್ಬಳನ್ನು ಅತಿಥಿ ಎಂದು ಕರೆತಂದ ಗಂಡಸು. ಕಚೇರಿಗಳ ಮೆಟ್ಟಿಲು ಹತ್ತಿಳಿದವರು ಇಬ್ಬರು ಹೆಂಡತಿಯರು. ಈ ಕತೆಯ ಉದ್ದಕ್ಕೂ ಇದು ಮತ್ತೆ ಮತ್ತೆ ಕಾಣಿಸುತ್ತದೆ.

ತನ್ನ ದೇಶವನ್ನೇ ಕಳೆದುಕೊಂಡವಳು

ವಿದೇಶಿ ಸೊಸೆಗೆ ಕಾನೂನು ಒಂದು ಕಾಲದಲ್ಲಿ ಪೌರತ್ವವನ್ನೇ ಕೊಟ್ಟಿತು. ಅದೇ ಕಾನೂನು ವಿದೇಶಿಯನ್ನು ಕೈಹಿಡಿದ ತನ್ನ ಮಗಳಿಗೆ ಏನು ಮಾಡಿತು? 1936ರ ಕಾನೂನಿನ ಪ್ರಕಾರ, ಗಂಡನ ದೇಶದ ಕಾನೂನು ಅವಳಿಗೆ ತನ್ನ ರಾಷ್ಟ್ರೀಯತೆ ಕೊಡುವುದಾದರೆ ಅವಳು ಫಿಲಿಪಿನೊ ಪೌರತ್ವ ಕಳೆದುಕೊಳ್ಳುತ್ತಿದ್ದಳು. ಮದುವೆಯ ಮುನ್ನಾದಿನ ತನ್ನದಾಗಿದ್ದ ಊರಿನಲ್ಲಿ ಮದುವೆಯ ಮರುದಿನ ಅವಳು ವಿದೇಶಿ. ಅವಳ ಮಕ್ಕಳಿಗೂ ಫಿಲಿಪಿನೊ ಪೌರತ್ವ ತಾನಾಗಿ ಬರುತ್ತಿರಲಿಲ್ಲ. ತಾಯಿ ಫಿಲಿಪಿನೊ, ತಂದೆ ವಿದೇಶಿ ಆಗಿದ್ದರೆ ಮಗು ಪ್ರಾಯಕ್ಕೆ ಬಂದ ಮೇಲೆ ತಾನೇ ಆಯ್ಕೆ ಮಾಡಿಕೊಳ್ಳಬೇಕಿತ್ತು.

1973ರ ಸಂವಿಧಾನ ಈ ಅನ್ಯಾಯವನ್ನು ಸರಿಪಡಿಸಿ, ವಿದೇಶಿಯನ್ನು ಮದುವೆಯಾದ ಹೆಣ್ಣು ತನ್ನ ಪೌರತ್ವ ಉಳಿಸಿಕೊಳ್ಳುತ್ತಾಳೆ ಎಂದಿತು. ಅದಕ್ಕೂ ಮುಂಚೆ ಕಳೆದುಕೊಂಡವರು ಮರಳಿ ಪಡೆಯಲು 1995ರವರೆಗೆ ಕಾಯಬೇಕಾಯಿತು. 2003ರಲ್ಲಿ ಎರಡು ಪೌರತ್ವ ಇಟ್ಟುಕೊಳ್ಳಲು ಅವಕಾಶ ಸಿಕ್ಕಿತು. ಇದನ್ನು ಓದಿ ನಾವು ಮೂಗುಮುರಿಯಬೇಕಿಲ್ಲ. ವಿದೇಶದಲ್ಲಿ ಹುಟ್ಟಿದ ಮಗುವಿಗೆ ತಾಯಿಯ ಮೂಲಕ ಭಾರತದ ಪೌರತ್ವ ಕೊಡಲು ನಮ್ಮ ಕಾನೂನೂ ಒಪ್ಪಿದ್ದು 1992ರಲ್ಲಿ.

ವಿಚ್ಛೇದನದಲ್ಲೂ ಇದೇ ಕತೆ. ಅಲ್ಲಿ ಮುಸ್ಲಿಮರನ್ನು ಬಿಟ್ಟು ಉಳಿದವರಿಗೆ ವಿಚ್ಛೇದನದ ಕಾನೂನಿಲ್ಲ. ವಿದೇಶಿ ಗಂಡ ತನ್ನ ದೇಶಕ್ಕೆ ಹೋಗಿ ವಿಚ್ಛೇದನ ಪಡೆದು ಬಿಡುಗಡೆಯಾಗುತ್ತಿದ್ದ. ಹೆಂಡತಿ ಮಾತ್ರ ಇಲ್ಲದ ಗಂಡನ ಹೆಂಡತಿಯಾಗಿ ಉಳಿಯುತ್ತಿದ್ದಳು. ಅಮೆರಿಕದಲ್ಲಿ ವಿಚ್ಛೇದನವಾದ ಮೇಲೂ ಮನಿಲಾದ ಅಂಗಡಿಯಲ್ಲಿ ಪಾಲು ಕೇಳಿ ಬಂದ ಗಂಡನೊಬ್ಬನನ್ನು ಅಲ್ಲಿನ ಸುಪ್ರೀಂ ಕೋರ್ಟು 1985ರಲ್ಲಿ ಹಿಂದೆ ಕಳುಹಿಸಿತು. 1987ರ ಕುಟುಂಬ ಸಂಹಿತೆ ಇಂಥ ಹೆಣ್ಣಿಗೆ ಮರುಮದುವೆಯ ಹಕ್ಕು ಕೊಟ್ಟಿತು. ವಿದೇಶದಲ್ಲಿ ವಿಚ್ಛೇದನ ಕೇಳಿದವಳು ಅವಳೇ ಆದರೂ ಈ ಹಕ್ಕು ಉಂಟು ಎಂದು ಕೋರ್ಟು ಒಪ್ಪಿದ್ದು 2018ರಲ್ಲಿ.

ಹಣ ಅವನದು, ಮಣ್ಣು ಅವಳದು

ಇನ್ನು ಎರಡನೆಯ ಪ್ರಶ್ನೆ. 1935ರ ಸಂವಿಧಾನ ಕೃಷಿಭೂಮಿಯನ್ನು ಫಿಲಿಪಿನೊ ಪ್ರಜೆಗಳಿಗೆ ಮೀಸಲಿಟ್ಟಿತ್ತು. ಮನೆ ಕಟ್ಟುವ ನಿವೇಶನವೂ ಈ ನಿಷೇಧಕ್ಕೆ ಸೇರುತ್ತದೆಯೇ? 1941ರ ಡಿಸೆಂಬರಿನಲ್ಲಿ ನಿವೇಶನ ಕೊಂಡಿದ್ದ ವಿದೇಶಿಯೊಬ್ಬ ನೋಂದಣಿಗಾಗಿ ನ್ಯಾಯಾಲಯಕ್ಕೆ ಹೋದ. 1947ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಸೇರುತ್ತದೆ ಎಂದು ತೀರ್ಪಿತ್ತಿತು. ಅಲ್ಲಿಂದ ಇಂದಿನವರೆಗೆ ವಿದೇಶಿಗೆ ಅಲ್ಲಿ ಅಂಗೈಯಗಲ ಮಣ್ಣು ಕೊಳ್ಳಲಾಗದು.

ಅದೇ 1947ರ ಮಾರ್ಚ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಯುದ್ಧದಿಂದ ಜರ್ಜರಿತವಾದ ಆ ದೇಶ ಅಮೆರಿಕದ ಒತ್ತಡಕ್ಕೆ ಮಣಿದು, ನೈಸರ್ಗಿಕ ಸಂಪತ್ತಿನ ಬಳಕೆಯಲ್ಲಿ ಅಮೆರಿಕನ್ನರಿಗೆ ತನ್ನ ಪ್ರಜೆಗಳಷ್ಟೇ ಹಕ್ಕು ಕೊಡಲು ಸಂವಿಧಾನ ತಿದ್ದಿತು. ಆ ವಿಶೇಷ ಹಕ್ಕು ಮುಗಿದದ್ದು 1974ರಲ್ಲಿ. ಒಂದೇ ವರ್ಷದಲ್ಲಿ ಒಬ್ಬ ಸಾಮಾನ್ಯ ವಿದೇಶಿಗೆ ನಿವೇಶನ ನಿರಾಕರಣೆ, ಬಲಿಷ್ಠ ದೇಶದ ಕಂಪೆನಿಗಳಿಗೆ ಗಣಿ ಕಾಡುಗಳ ಸ್ವಾಗತ. ಮಣ್ಣಿನ ವಿಷಯದಲ್ಲಿ ಈ ದೇಶ ಇಷ್ಟು ಬಿಗಿಯಾಗಿರುವುದಕ್ಕೆ ಈ ಅವಮಾನದ ನೆನಪೂ ಒಂದು ಕಾರಣ. ಅದಕ್ಕೂ ಹಿಂದೆ ಸ್ಪೇನಿನ ಪಾದ್ರಿಗಳ ಸಂಘಗಳು ಲಕ್ಷಾಂತರ ಎಕರೆ ಜಮೀನಿನ ಒಡೆಯರಾಗಿದ್ದವು, ರೈತರು ಅವರ ಗೇಣಿದಾರರಾಗಿದ್ದರು. ನೆಲ ಕಳೆದುಕೊಂಡವರಿಗೆ ನೆಲದ ಬೆಲೆ ಗೊತ್ತು.

ಆದರೆ ಈ ಕಾನೂನಿನ ಭಾರ ಮನೆಯೊಳಗೆ ಬಿದ್ದಾಗ ಏನಾಗುತ್ತದೆ? ಮೂರು ತೀರ್ಪುಗಳನ್ನು ನೋಡೋಣ. 1970ರಲ್ಲಿ ಮದುವೆಯಾದ ಅಮೆರಿಕನ್ ಒಬ್ಬನ ಹೆಂಡತಿ ತನ್ನ ಹೆಸರಿನಲ್ಲಿದ್ದ ಜಾಗವನ್ನು 1981ರಲ್ಲಿ ಅವನಿಗೆ ಹೇಳದೆ ಮಾರಿದಳು. ಅದನ್ನು ಪ್ರಶ್ನಿಸುವ ಹಕ್ಕೇ ಅವನಿಗಿಲ್ಲ ಎಂದು 1991ರಲ್ಲಿ ಕೋರ್ಟು ಹೇಳಿತು. ಪ್ರಶ್ನಿಸುವ ಹಕ್ಕು ಕೊಟ್ಟರೆ ಪರೋಕ್ಷವಾಗಿ ಒಡೆತನ ಕೊಟ್ಟಂತಾಗುತ್ತದೆ ಎಂಬುದು ವಾದ. ಜರ್ಮನ್ ಒಬ್ಬ ಹಂಬುರ್ಗಿನಲ್ಲಿ ಮದುವೆಯಾಗಿ, ತಂದೆತಾಯಿಯಿಂದ ಬಂದ ಮನೆಯನ್ನು ಮಾರಿ 1992ರಲ್ಲಿ ಫಿಲಿಪ್ಪೀನ್ಸಿಗೆ ಬಂದು ನೆಲೆಸಿದ. ಮನಿಲಾ ಸಮೀಪದ ಆಂಟಿಪೋಲೊದಲ್ಲಿ 5,28,000 ಪೆಸೊಗೆ ಜಾಗ ಕೊಂಡು, 23 ಲಕ್ಷ ಪೆಸೊ ಖರ್ಚು ಮಾಡಿ ಮನೆ ಕಟ್ಟಿಸಿದ. ಎಲ್ಲವೂ ಹೆಂಡತಿಯ ಹೆಸರಿನಲ್ಲಿ. ಸಂಬಂಧ ಮುರಿದಾಗ ಜಾಗ ಬೇಡ, ಹಾಕಿದ ದುಡ್ಡಾದರೂ ಸಿಗಲಿ ಎಂದು ಬೇಡಿದ. ಕಾನೂನು ಗೊತ್ತಿದ್ದೂ ಅದನ್ನು ಬಳಸಿ ದಾಟಲು ಹೊರಟವನಿಗೆ ನ್ಯಾಯ ಕೇಳುವ ಅರ್ಹತೆಯಿಲ್ಲ ಎಂದು 2006ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ನಿರಾಕರಿಸಿತು. ಇಂಗ್ಲೆಂಡಿನವನೊಬ್ಬ ಬೊರಾಕಾಯ್ ದ್ವೀಪದಲ್ಲಿ 1989ರಲ್ಲಿ 1,29,000 ಪೆಸೊಗೆ ಹೆಂಡತಿಯ ಹೆಸರಿನಲ್ಲಿ ಜಾಗ ಕೊಂಡು ಅತಿಥಿಗೃಹ ನಡೆಸಿದ. ಸಂಬಂಧ ಕೆಟ್ಟ ಮೇಲೆ ಹೆಂಡತಿ ಅದನ್ನು ಮೂರನೆಯವನಿಗೆ ವರ್ಷಕ್ಕೆ 12,000 ಪೆಸೊ ಬಾಡಿಗೆಗೆ 25 ವರ್ಷ ಗುತ್ತಿಗೆ ಕೊಟ್ಟಳು. 2009ರಲ್ಲಿ ಆ ಗುತ್ತಿಗೆಯನ್ನೂ ಕೋರ್ಟು ಎತ್ತಿಹಿಡಿಯಿತು.

ಈ ಗಂಡಸರ ಬಗ್ಗೆ ಕನಿಕರಪಡುವ ಮುನ್ನ ಇನ್ನೊಂದು ಮುಖವನ್ನೂ ನೋಡಬೇಕು. ಇಂಗ್ಲೆಂಡಿನವನು ಮದುವೆಯಾದಾಗ ಆ ಹುಡುಗಿಗೆ 17 ವರ್ಷ. ಬಡ ದೇಶದ ಹುಡುಗಿಯರ ಚಿತ್ರಗಳನ್ನು ಪುಸ್ತಕದಲ್ಲಿ ಅಚ್ಚುಮಾಡಿ, ಅಂಚೆಯಲ್ಲಿ ಕಳುಹಿಸಿ, ಶ್ರೀಮಂತ ದೇಶಗಳ ಗಂಡಸರಿಗೆ ಮದುವೆ ಕುದುರಿಸುವ ದಂಧೆ 1970, 80ರ ದಶಕಗಳಲ್ಲಿ ಜೋರಾಗಿತ್ತು. 1990ರಲ್ಲಿ ಅದನ್ನು ಕಾನೂನಿನಿಂದ ನಿಷೇಧಿಸಬೇಕಾಯಿತು, 2016ರಲ್ಲಿ ಇನ್ನಷ್ಟು ಬಿಗಿ ಮಾಡಬೇಕಾಯಿತು. ವಿದೇಶಿಯನ್ನು ಮದುವೆಯಾಗಿ ಹೊರಡುವ ಫಿಲಿಪಿನೊ ಪ್ರಜೆಗಳು ಸರ್ಕಾರಿ ಆಯೋಗದ ತಿಳಿವಳಿಕೆ ಶಿಬಿರಕ್ಕೆ ಹಾಜರಾಗಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂದದ್ದೂ ಈ ಅನುಭವದಿಂದಲೇ. ಗಂಡ ಪರದೇಶಕ್ಕೆ ಕರೆದೊಯ್ದರೆ ಅಲ್ಲಿ ಅವಳ ವೀಸಾ ಅವನ ಕೈಯಲ್ಲಿ. ತನ್ನ ಊರಿನಲ್ಲಿ ಹೆಸರಿಗೆ ಒಂದು ತುಂಡು ಜಾಗವಿದ್ದರೆ ಅದೇ ಅವಳ ಭದ್ರತೆ. ಕಾನೂನು ಅವಳ ಬೆನ್ನಿಗೆ ನಿಂತದ್ದು ಅಷ್ಟರಮಟ್ಟಿಗೆ ಸರಿಯೇ.

ಮೆಹರಿನ ಲೆಕ್ಕ

ಈ ಚರ್ಚೆಯಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯಿದೆ. 1977ರ ಫೆಬ್ರವರಿಯಲ್ಲಿ ಫಿಲಿಪ್ಪೀನ್ಸಿನ ಮುಸ್ಲಿಮ್ ವೈಯಕ್ತಿಕ ಕಾನೂನಿನ ಸಂಹಿತೆ ಜಾರಿಗೆ ಬಂತು. ಗಂಡು ಹೆಣ್ಣು ಇಬ್ಬರೂ ಮುಸ್ಲಿಮರಾಗಿದ್ದರೆ, ಅಥವಾ ಗಂಡು ಮುಸ್ಲಿಮನಾಗಿದ್ದು ಮದುವೆ ಇಸ್ಲಾಮೀ ಕ್ರಮದಲ್ಲಿ ನಡೆದಿದ್ದರೆ ಅದು ಅನ್ವಯಿಸುತ್ತದೆ. ಅಲ್ಲಿನ ಸಾಮಾನ್ಯ ಕಾನೂನಿನಲ್ಲಿ ಬೇರೆ ಒಪ್ಪಂದ ಇಲ್ಲದಿದ್ದರೆ ಗಂಡಹೆಂಡಿರ ಆಸ್ತಿ ಒಟ್ಟಾಗಿ ಬೆರೆಯುತ್ತದೆ. ಮುಸ್ಲಿಮ್ ಸಂಹಿತೆಯಲ್ಲಿ ಹಾಗಲ್ಲ, ಅವನದು ಅವನಿಗೆ, ಅವಳದು ಅವಳಿಗೆ. ಮೆಹರ್ ಅವಳದೇ ಸೊತ್ತು. ಬಾಳ್ವೆ ಸಾಧ್ಯವಿಲ್ಲದಾದಾಗ ಬೇರ್ಪಡುವ ದಾರಿಯೂ ಉಂಟು.

ಮಣ್ಣಿನ ನಿಷೇಧ ಇವರಿಗೂ ಅಷ್ಟೇ ಅನ್ವಯ. ಆದರೆ ಮದುವೆಯ ದಿನವೇ ಯಾರದು ಯಾವುದು ಎಂದು ಮಾತಾಡಿ ಬರೆದಿಡುವ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಇದೆ. ಆ ಜರ್ಮನ್ ಗಂಡ ಮನೆಗೆ ಕೊಟ್ಟ 28 ಲಕ್ಷ ಪೆಸೊ ಕೊಡುಗೆಯೇ, ಸಾಲವೇ, ಇಬ್ಬರ ಪಾಲೇ? ಪ್ರೀತಿಯ ದಿನಗಳಲ್ಲಿ ಅದನ್ನು ಕೇಳುವುದು ಅಪಶಕುನ ಎಂದು ಇಬ್ಬರೂ ಭಾವಿಸಿರಬಹುದು. ಕೊನೆಗೆ ಅದನ್ನು ಮೂರು ಹಂತದ ನ್ಯಾಯಾಲಯಗಳು ಕೇಳಿದವು.

ಈ ದೀರ್ಘ ಚರಿತ್ರೆಯ ಒಟ್ಟು ಸಾರ ಒಂದೇ ಒಂದು ವಿಚಿತ್ರದಲ್ಲಿ ಅಡಗಿದೆ. 1987ರ ಸಂವಿಧಾನ ವಿದೇಶಿಗೆ ಜಮೀನನ್ನು ನಿಷೇಧಿಸುತ್ತದೆ, ಆದರೆ ವಾರಸುದಾರಿಕೆಯಿಂದ ಬಂದರೆ ಮಾತ್ರ ಅಡ್ಡಿಯಿಲ್ಲ ಎನ್ನುತ್ತದೆ. ಅಂದರೆ ಹೆಂಡತಿ ಬದುಕಿರುವಷ್ಟು ಕಾಲ ಗಂಡನಿಗೆ ಆ ಮನೆಯ ಮಣ್ಣಿನಲ್ಲಿ ಪಾಲಿಲ್ಲ, ಅವಳು ತೀರಿಕೊಂಡರೆ ಪಾಲು ಬರುತ್ತದೆ. ವೀಸಾದ ಲೆಕ್ಕ ತದ್ವಿರುದ್ಧ. ಅವಳು ಇರುವಷ್ಟು ಕಾಲ ಅದಕ್ಕೆ ಬಲ, ಅವಳು ಹೋದ ದಿನ ಅದರ ಬುಡವೇ ಅಲುಗಾಡುತ್ತದೆ. ಮೂವತ್ತು ವರ್ಷ ಬಾಳಿದ ಮುದುಕನೊಬ್ಬ ಹೆಂಡತಿಯನ್ನು ಮಣ್ಣು ಮಾಡಿ ಬಂದ ಮೇಲೆ ತನ್ನ ಜಗಲಿಯಲ್ಲಿ ಕುಳಿತು ಎರಡು ಕಾಗದಗಳನ್ನು ಎದುರಿಗೆ ಇಟ್ಟುಕೊಂಡಿದ್ದಾನೆ ಎಂದು ಕಲ್ಪಿಸಿಕೊಳ್ಳಿ. ಒಂದು ಅವನಿಗೆ ಮನೆಯಲ್ಲಿ ಪಾಲಿದೆ ಎನ್ನುತ್ತದೆ, ಇನ್ನೊಂದು ನೀನು ಇಲ್ಲಿ ಇರಲು ಈಗ ಕಾರಣವೇನು ಎಂದು ಕೇಳುತ್ತದೆ.

ನೆಲವನ್ನು ಕಾಯುವ ಹಕ್ಕು ಒಂದು ಬಡ ದೇಶಕ್ಕೆ ಖಂಡಿತ ಇದೆ. ದಾವಾವೊ, ಪಾದ್ರಿಗಳ ಜಮೀನು, 1947ರ ತಿದ್ದುಪಡಿ, ಇವನ್ನೆಲ್ಲ ಕಂಡವರು ಬಾಗಿಲಿಗೆ ಚಿಲಕ ಹಾಕಿದರೆ ತಪ್ಪೇನು? ಆದರೆ ಆ ಚಿಲಕ ದೊಡ್ಡ ಕಂಪೆನಿಗಳನ್ನು ಎಷ್ಟು ತಡೆಯಿತೋ ಗೊತ್ತಿಲ್ಲ. 2025ರ ಕಾನೂನಿನ ಪ್ರಕಾರ ವಿದೇಶಿ ಬಂಡವಾಳಗಾರರು ಅಲ್ಲಿ 99 ವರ್ಷದವರೆಗೆ ಜಮೀನು ಗುತ್ತಿಗೆ ಪಡೆಯಬಹುದು. ಹೆಂಡತಿಯ ಮನೆಯಂಗಳದಲ್ಲಿ ತೆಂಗಿನ ಸಸಿ ನೆಟ್ಟವನು ಮಾತ್ರ ಪ್ರತಿ ಜನವರಿಯಲ್ಲಿ ವಲಸೆ ಕಚೇರಿಯ ಸಾಲಿನಲ್ಲಿ ನಿಂತು ತಾನು ಇನ್ನೂ ವಿದೇಶಿ ಎಂದು ಬರೆಸಿ ಬರಬೇಕು. ಕಾಯಿಂಟಾದಲ್ಲಿ ಹಡಗು ಹತ್ತದೆ ಉಳಿದ ಆ ಮದರಾಸಿನ ಸಿಪಾಯಿಗಳ ಹೆಸರನ್ನು ಯಾರೂ ಬರೆದುಕೊಳ್ಳಲಿಲ್ಲ. ಅವರ ಮೊಮ್ಮಕ್ಕಳ ಮಕ್ಕಳನ್ನು ಇಂದು ಯಾರೂ ವಿದೇಶಿಗಳೆನ್ನುವುದಿಲ್ಲ.